ಸಾವಿತ್ರಮ್ಮ ಎಲ್ಗನ್ ಬೆಟ್ಟಕ್ಕೆ ಹೋಗಿ ಬಂದದ್ದು

ಬಾಳೂರಿನ ಸಾವಿತ್ರಮ್ಮನವರು ಮಾತಿಗೆ ಕೂತರೆ ಅರ್ಧ ಗಂಟೆಯೊಳಗೆ ಒಂದಲ್ಲ ಒಂದು ದಾರಿ ಹಿಡಿದು ಉಗಾಂಡಕ್ಕೆ ಹೋಗಿಬಿಡುತ್ತಾರೆ. ಮಳೆಯ ಮಾತು ಬಂದರೆ ಅಲ್ಲಿನ ಮಳೆ, ಬಾಳೆಕಾಯಿಯ ಮಾತು ಬಂದರೆ ಅಲ್ಲಿನ ಬಾಳೆಕಾಯಿ. ಗಂಡ ರಂಗನಾಥ ಗೌಡರು ಪೇಪರಿನಿಂದ ತಲೆ ಎತ್ತದೆಯೇ "ಹೊರಡ್ತು ನೋಡಿ ವಿಮಾನ" ಅನ್ನುತ್ತಾರೆ. ಕೇಳುವವರು ನಗುತ್ತಾರೆ. ಸಾವಿತ್ರಮ್ಮನವರೂ ನಗುತ್ತಾರೆ, ಆದರೆ ನಿಲ್ಲಿಸುವುದಿಲ್ಲ.

ಹೋಗಿ ಬಂದು ಎಂಟು ವರ್ಷವಾಯಿತು. ಅಲ್ಲಿದ್ದದ್ದು ಬರೀ ಆರು ತಿಂಗಳು. ಅದಕ್ಕೆ ಮುಂಚಿನ ಐವತ್ತೈದು ವರ್ಷದಲ್ಲಿ ಅವರು ಹುಟ್ಟಿದ ಕಳಸದ ಕಡೆಯಿಂದ ಬಾಳೂರಿಗೆ ಸೊಸೆಯಾಗಿ ಬಂದದ್ದೇ ದೊಡ್ಡ ಪ್ರಯಾಣ. ಮೂಡಿಗೆರೆಗೆ ಸಾಮಾನು ತರಲು ಹೋಗಬೇಕಾದರೂ ಜೀಪಿನಲ್ಲಿ ಮುಂದೆ ಗಂಡ ಇರಲೇಬೇಕಿತ್ತು.

ಅವರದು ಹನ್ನೆರಡು ಎಕರೆ ಕಾಫಿ. ಅದರ ಜೊತೆಗೆ ಮನೆಯ ಕೆಳಗಿನ ಸಮತಟ್ಟಿನಲ್ಲಿ ಕಾಫಿ ಸಸಿಯ ನರ್ಸರಿ. ರಂಗನಾಥ ಗೌಡರ ಸಸಿಗೆ ಕೊಟ್ಟಿಗೆಹಾರದಿಂದ ಕಳಸದವರೆಗೂ ಹೆಸರು. ಅದನ್ನು ನೋಡಲು ಒಂದು ಸಲ ಬೆಂಗಳೂರಿನ ಸೇವಾ ಸಂಸ್ಥೆಯೊಂದರಿಂದ ಶಶಿಕಿರಣ್ ಅನ್ನುವವನು ಬಂದ. ಉಗಾಂಡದ ಎಲ್ಗನ್ ಬೆಟ್ಟದ ಮೇಲೆ ಹೆಂಗಸರ ಕಾಫಿ ಸಂಘವೊಂದು ಸ್ವಂತ ನರ್ಸರಿ ಮಾಡಬೇಕೆಂದಿದೆ, ಆರು ತಿಂಗಳು ಅವರ ಜೊತೆಗಿದ್ದು ಹೇಳಿಕೊಡುವವರು ಬೇಕು, ಸಂಬಳವಿಲ್ಲ, ಊಟ ವಸತಿ ಅವರದು ಎಂದ. ರಂಗನಾಥ ಗೌಡರು ಉಮೇದಿನಿಂದ ಒಪ್ಪಿಕೊಂಡರು. ಮಗಳು ಧನ್ಯಾ ಮೂಡಿಗೆರೆಯಲ್ಲಿ ಕಾಲೇಜು ಲೆಕ್ಚರರ್. ಅರ್ಜಿ ತುಂಬಿದವಳೂ ಅವಳೇ. ಅಪ್ಪನ ಪಾಸ್‌ಪೋರ್ಟ್ ಮಾಡಿಸುವಾಗ ಇರಲಿ ಅಂತ ಅಮ್ಮನದನ್ನೂ ಮಾಡಿಸಿದ್ದಳು.

ಫೆಬ್ರವರಿಯಲ್ಲಿ ಗೌಡರು ಕಾಳುಮೆಣಸು ಕುಯ್ಯುವ ಏಣಿಯಿಂದ ಬಿದ್ದರು. ಎಡಗಾಲು ಎರಡು ಕಡೆ ಮುರಿಯಿತು. ಹೊರಡಲು ಒಂದು ತಿಂಗಳಿತ್ತು.

ಶಶಿಕಿರಣ್ ಫೋನ್ ಮಾಡಿದ ದಿನ ಸಾವಿತ್ರಮ್ಮನವರು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಗಂಡ ಮಂಚದ ಮೇಲಿಂದ ಮಾತಾಡುತ್ತಿದ್ದದ್ದು ಕೇಳಿಸಿತು.

"ಒಂದ್ ಮಾತು ಹೇಳ್ತೀನಿ ಶಶಿಕಿರಣ್. ನರ್ಸರಿಗೆ ಹೆಸ್ರು ಮಾತ್ರ ನಂದು. ಬೀಜ ಆರ್ಸೋದು, ಸಸಿ ಮಡಿ ಮಾಡೋದು, ಚೀಲ ತುಂಬ್ಸೋದು ಎಲ್ಲ ನಮ್ಮನೇವ್ಳು. ನಾನು ಬಂದೋರಿಗೆ ಕಾಫಿ ಕೊಡ್ಸಿ ಮಾತಾಡ್ಸೋನು ಅಷ್ಟೇ. ಅವ್ಳನ್ನೇ ಕರ್ಕಂಡು ಹೋಗಿ."

ಸಾವಿತ್ರಮ್ಮನವರ ಕೈಯಲ್ಲಿದ್ದ ಪಂಚೆ ಹಾಗೇ ನಿಂತಿತು. ಮೂವತ್ತು ವರ್ಷದಲ್ಲಿ ಆ ಮಾತನ್ನು ಗಂಡನ ಬಾಯಿಂದ ಅವರು ಕೇಳಿರಲಿಲ್ಲ. ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು.

"ಎಂತದು ನೀವು ಹೇಳಿದ್ದು? ನಿಮ್ಮನ್ನ ಹಿಂಗೆ ಮಲಗಿಸಿ ನಾನು ಆಫ್ರಿಕಾಕ್ಕೆ ಹೋಗದಾ?"

"ನಾನೇನು ಮಗುವಾ? ನರ್ಸರಿ ಕೆಲ್ಸದ ಜೊತೆ ರುದ್ರಾಣಿ ಅಡುಗೇನೂ ಮಾಡ್ತಾಳೆ. ಶನಿವಾರ ಭಾನುವಾರ ಧನ್ಯಾ ಬರ್ತಾಳೆ. ನಿಂಗೆ ಹೋಗಕ್ಕೆ ಆಸೆ ಇಲ್ಲ ಅಂತ ಹೇಳು, ಈಗ್ಲೇ ಬೇಡ ಅಂತೀನಿ."

ಆಸೆ ಇಲ್ಲ ಎಂದು ಹೇಳಲು ಸಾವಿತ್ರಮ್ಮನವರಿಗೆ ಬಾಯಿ ಬರಲಿಲ್ಲ. ಮಾರ್ಚ್ ಕೊನೆಯಲ್ಲಿ ಅವರು ಬೆಂಗಳೂರಿನಿಂದ ವಿಮಾನ ಹತ್ತಿದರು. ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ, ಒಂದು ಸ್ವೆಟರ್, ಮನೆಯಲ್ಲೇ ಮಾಡಿದ ಸಾರಿನ ಪುಡಿ ಎರಡು ಡಬ್ಬ.

ಎಲ್ಗನ್ ಬೆಟ್ಟದ ಆ ಊರು ತಲುಪಿದಾಗ ಮೊದಲ ಗಳಿಗೆಯಲ್ಲಿ ಮೋಸವಾದಂತೆ ಅನಿಸಿತು. ಅಷ್ಟು ದೂರ ಬಂದದ್ದು ಇದಕ್ಕಾ ಎಂದುಕೊಂಡರು. ಅದೇ ಕೆಂಪು ಮಣ್ಣು, ಅದೇ ಇಳಿಜಾರು, ಬಾಳೆಯ ನೆರಳಿನಲ್ಲಿ ಅದೇ ಕಾಫಿ. ಕಣ್ಣು ಅರ್ಧ ಮುಚ್ಚಿದರೆ ಬಾಳೂರು. ಕಣ್ಣು ತೆರೆದರೆ ಮಾತ್ರ ಒಂದು ಮುಖವೂ ಪರಿಚಯದ್ದಲ್ಲ. ಮಕ್ಕಳು ಸೀರೆಯ ಹಿಂದೆ "ಮುಯಿಂದಿ, ಮುಯಿಂದಿ" ಎಂದು ಕೂಗುತ್ತ ಓಡಿ ಬಂದವು. ಇಂಡಿಯಾದವರಿಗೆ ಅಲ್ಲಿ ಹಾಗೆ ಅನ್ನುತ್ತಾರೆ.

ಸಂಘದಲ್ಲಿ ಇಪ್ಪತ್ತೆರಡು ಹೆಂಗಸರು. ಮುಂದಾಳು ನಂಬೊಜೊ. ನಲವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಹೆಂಗಸು. ಸಾವಿತ್ರಮ್ಮನವರಿಗೆ ಕೊಟ್ಟ ತಗಡಿನ ಮಾಡಿನ ಎರಡು ಕೋಣೆಯ ಮನೆ ಅವಳ ಮನೆಗೆ ಅಂಟಿಕೊಂಡೇ ಇತ್ತು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಬಾಳೂರಿನ ತೋಟಗಳ ರೈಟರ್, ಮೇಸ್ತ್ರಿಗಳ ಬಾಯಲ್ಲಿ ಕೇಳಿ ಕೇಳಿ ಸಾವಿತ್ರಮ್ಮನವರಿಗೆ ಬರುತ್ತಿದ್ದ ಶೇಡ್, ಪಿಟ್, ಪಲ್ಪಿಂಗ್, ಪಾರ್ಚ್‌ಮೆಂಟ್ ಎಂಬ ಕಾಫಿ ಕೆಲಸದ ಪದಗಳೆಲ್ಲ ನಂಬೊಜೊಗೂ ಬರುತ್ತಿದ್ದವು. ಆ ಹತ್ತಿಪ್ಪತ್ತು ಪದಗಳ ಜೊತೆಗೆ ಕೈ ಬಾಯಿ ಸೇರಿಸಿ ಅವರಿಬ್ಬರೂ ಮಾತು ಕಟ್ಟಿಕೊಂಡರು. ನಂಬೊಜೊ ಅವರನ್ನು "ಮಾಮಾ ಸಾವಿ" ಎಂದಳು. ಮದುವೆಯಾದ ಮೇಲೆ ಗೌಡರ ಮನೆಯವರು, ಧನ್ಯಾಳ ಅಮ್ಮ, ಬರೀ ಅಮ್ಮ ಆಗಿದ್ದವರಿಗೆ ಹೆಸರು ಹಿಡಿದು ಯಾರೋ ಕರೆದದ್ದು ವಿಚಿತ್ರವಾಗಿತ್ತು. ಕರೆದ ಪ್ರತಿ ಸಲವೂ ತಿರುಗಿ ನೋಡುವುದು ಒಂದು ಕ್ಷಣ ತಡವಾಗುತ್ತಿತ್ತು.

ಮೊದಲ ಮೂರು ವಾರ ಅವರು ಅಳದ ಸಂಜೆಯಿಲ್ಲ. ನೆಟ್‌ವರ್ಕ್ ಸಿಗುತ್ತಿದ್ದದ್ದು ಚರ್ಚಿನ ಹಿಂದಿನ ದಿಣ್ಣೆಯಲ್ಲಿ ಮಾತ್ರ. ಅಲ್ಲಿ ನಿಂತು ಗಂಡನಿಗೆ "ಆರಾಮಿದೀನಿ, ಎಲ್ಲ ಚೆನ್ನಾಗಿದೆ" ಎಂದು ಹೇಳಿ, ಫೋನ್ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಇಳಿಯುತ್ತಿದ್ದರು. ಸಾರಿನ ಪುಡಿಯ ಡಬ್ಬ ತೆಗೆದು ಮೂಸಿ ಮುಚ್ಚಿಡುತ್ತಿದ್ದರು.

ಒಂದು ಭಾನುವಾರ ನಂಬೊಜೊ ಊಟಕ್ಕೆ ಕರೆದಳು. ಅವಳ ಅಡುಗೆಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಒಂದು ವಾಸನೆ ಬಂದು ಸಾವಿತ್ರಮ್ಮನವರ ಕಾಲು ಅಲ್ಲೇ ಕಟ್ಟಿಹಾಕಿತು. ಒಲೆಯ ಮೇಲಿನ ಮಡಕೆಗೆ ಬಗ್ಗಿ ನೋಡಿದರು.

"ಕಳಲೆ!" ಎಂದರು ಕನ್ನಡದಲ್ಲೇ, ಗಟ್ಟಿಯಾಗಿ.

"ಮಲೇವಾ" ಎಂದಳು ನಂಬೊಜೊ, ಏನಾಯಿತೆಂದು ತಿಳಿಯದೆ.

ಬಿದಿರಿನ ಎಳೆ ಮೊಳಕೆ. ಅಲ್ಲಿ ಅದನ್ನು ಹೊಗೆಯಲ್ಲಿ ಒಣಗಿಸಿಟ್ಟುಕೊಂಡು ನೆಲಗಡಲೆ ಅರೆದು ಹಾಕಿ ಬೇಯಿಸುತ್ತಾರೆ. ಸಾವಿತ್ರಮ್ಮನವರ ತವರಿನಲ್ಲಿ ಮಳೆಗಾಲ ಹಿಡಿಯುತ್ತಲೇ ಅಜ್ಜಿ ಕಳಲೆಯನ್ನು ಸಣ್ಣಗೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸುತ್ತಿದ್ದಳು. ಮೂರನೇ ದಿನ ಮನೆಯೆಲ್ಲ ಅದರದೇ ಗಮ. ಚಿಕ್ಕವರು ಮೂಗು ಮುಚ್ಚಿಕೊಂಡು ಓಡುತ್ತಿದ್ದದ್ದು, ಪಲ್ಯವಾದ ಮೇಲೆ ಅವರೇ ಮೊದಲು ತಟ್ಟೆ ಹಿಡಿದು ಕೂರುತ್ತಿದ್ದದ್ದು ನೆನಪಾಯಿತು. ಅವರು ಗೋಡೆಗೊರಗಿ ಕೂತು, ಅಜ್ಜಿಯ ಮಾತನ್ನು ಬಂದಷ್ಟು ಇಂಗ್ಲಿಷಿನಲ್ಲಿ, ಬಾರದ ಕಡೆ ಕನ್ನಡದಲ್ಲಿ ಹೇಳಿದರು. ನಂಬೊಜೊ ಎಲ್ಲ ಅರ್ಥವಾದವಳಂತೆ ಕೇಳಿ, ತನ್ನ ಅಜ್ಜಿ ಬೆಟ್ಟ ಹತ್ತಿ ಬಿದಿರು ಮೊಳಕೆ ತರುತ್ತಿದ್ದದ್ದನ್ನು ಹೇಳಿದಳು. ಅವತ್ತು ಸಾವಿತ್ರಮ್ಮನವರು ಮೂರು ಸಲ ಬಡಿಸಿಕೊಂಡರು. ಸಂಜೆ ಅಳು ಬರಲಿಲ್ಲ.

ಊರು ಒಗ್ಗಿದಂತೆ ಧೈರ್ಯವೂ ಬಂತು. ಬಾಡಿಗೆ ಬೈಕಿನ ಹಿಂದೆ ಸೀರೆಯಲ್ಲಿ ಒಂದು ಪಕ್ಕಕ್ಕೆ ಕೂತು ಎರಡು ಸಲ ಜಾರಿ, ಮೂರನೇ ಸಲ ಸಂತೆಯಲ್ಲಿ ಅಗಲದ ಲಂಗ ಕೊಂಡು, ಎರಡೂ ಕಡೆ ಕಾಲು ಹಾಕಿ ಕೂತರು. ಅದರ ಫೋಟೋ ನೋಡಿ ಧನ್ಯಾ ಇಡೀ ಸ್ಟಾಫ್ ರೂಮಿಗೆ ತೋರಿಸಿದಳಂತೆ.

ಕೆಲಸದ ಜಾಗದಲ್ಲಂತೂ ಅವರದೇ ಮಾತು. ದಿನಾ ಬೆಳಿಗ್ಗೆ ಹೆಂಗಸರು ಚಾಪೆ ಹಾಸಿ ಕೂರುತ್ತಿದ್ದರು. ಮಾಮಾ ಸಾವಿಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿ. ಮಡಿಯ ಅಗಲ ಇಷ್ಟು, ಮರಳು ಇಷ್ಟು, ಚಪ್ಪರದ ಎತ್ತರ ಇಷ್ಟು, ನೀರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬಾಳೂರಿನಲ್ಲಿ ಮೂವತ್ತು ವರ್ಷ ಮಾಡಿದ್ದನ್ನು ಅಳತೆ ತಪ್ಪದೆ ಮಾಡಿಸಿದರು.

"ಮಾಮಾ ಸಾವಿ, ಸಂಜೆ ನೀರು ಬೇಡ" ಎಂದಳು ನಂಬೊಜೊ ಒಂದು ದಿನ. "ಮಳೆ ಶುರುವಾದ ಮೇಲೆ ಇಲ್ಲಿ ಮಧ್ಯಾಹ್ನ ಮಂಜು ಇಳಿಯುತ್ತೆ. ಬೆಳಗಿನವರೆಗೂ ಏಳಲ್ಲ. ಮಂಜೇ ನೀರು."

"ನಮ್ಮ ಊರಲ್ಲೂ ಮಂಜು ಇದೆ. ನನಗೆ ಗೊತ್ತು."

ಎರಡು ವಾರ ಬಿಟ್ಟು ನಂಬೊಜೊ ಮತ್ತೆ ಹೇಳಿದಳು. ಚಪ್ಪರದ ಸೊಪ್ಪು ತೆಳ್ಳಗೆ ಮಾಡೋಣ ಎಂದು ಇನ್ನೊಂದು ಸಲ ಹೇಳಿದಳು. ಸಾವಿತ್ರಮ್ಮನವರು ಕೈ ಬೀಸಿ ನಕ್ಕರು.

ಮೇ ತಿಂಗಳಲ್ಲಿ ಬೀಜ ಮೊಳೆತು ಮೇಲೆ ಬಂದವು. ತಲೆಯ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಹೊತ್ತು ಸಾಲಾಗಿ ನಿಂತ ಸಸಿ ನೋಡಿ ಹೆಂಗಸರು ಹಾಡಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಸಸಿ ಬಾಗಿದವು. ಸಾವಿತ್ರಮ್ಮನವರು ಒಂದನ್ನು ಕಿತ್ತು ನೋಡಿದರು. ಬುಡ ಕಪ್ಪಾಗಿ ಕೊಳೆತಿತ್ತು. ಏನೇನೋ ಮಾಡಿದರು, ಸುಣ್ಣ ಹಾಕಿದರು, ಚಪ್ಪರ ಕಿತ್ತರು. ಆದರೆ ಮಳೆ ಹಿಡಿದಿತ್ತು, ಮಣ್ಣು ಆಗಲೇ ನೆಂದು ಹೋಗಿತ್ತು. ಒಂದು ವಾರದಲ್ಲಿ ನಾಲ್ಕು ಸಾವಿರ ಸಸಿ ನೆಲಕ್ಕೆ ಮಲಗಿದವು.

ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೆಂಗಸರು ಬಂದರು, ನೋಡಿದರು, ಗುದ್ದಲಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಸಾವಿತ್ರಮ್ಮನವರು ಮಾರನೆಯ ದಿನ ಬಾಗಿಲು ತೆಗೆಯಲಿಲ್ಲ. ಸೂಟ್‌ಕೇಸು ಎಳೆದು ಸೀರೆ ತುಂಬಿದರು, ಮತ್ತೆ ತೆಗೆದರು. ಹೋಗಿಬಿಡಬೇಕು ಅನಿಸಿತು. ಹೋಗಿ ಊರಲ್ಲಿ ಏನು ಹೇಳುವುದು? ಅಲ್ಲಿಯ ಹವಾ ಸರಿಯಿಲ್ಲ, ಹೆಂಗಸರು ಹೇಳಿದ್ದು ಕೇಳಲಿಲ್ಲ ಅನ್ನಬಹುದು. ಎಲ್ಲರೂ ನಂಬುತ್ತಾರೆ. ನಂಬುತ್ತಾರೆ ಎಂದು ಗೊತ್ತಾದದ್ದಕ್ಕೇ ನಾಚಿಕೆಯಾಯಿತು.

ಹಾಗೆ ಮಂಚದ ಮೇಲೆ ಕೂತಿದ್ದಾಗ ರುದ್ರಾಣಿಯ ದನಿ ಕೇಳಿದಂತಾಯಿತು. ರುದ್ರಾಣಿ ಬಾಳೂರಿನ ನರ್ಸರಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದವಳು. "ಅಮ್ಮಾ, ಆ ಮೂಲೆಲಿ ನೀರು ನಿಲ್ತದೆ, ಅಲ್ಲಿ ಮಡಿ ಬ್ಯಾಡ." "ಅಮ್ಮಾ, ಈ ಗೊಬ್ರ ಇನ್ನೂ ಬಿಸಿ ಐತೆ." ಪ್ರತಿ ಸಲ ಸಾವಿತ್ರಮ್ಮನವರು ಹೇಳುತ್ತಿದ್ದದ್ದು ಒಂದೇ: "ನಂಗೊತ್ತು, ನೀನು ಮಾಡು ಸುಮ್ನೆ." ಆಮೇಲೆ ಯಾವತ್ತೋ ಮಡಿಯನ್ನು ಆ ಮೂಲೆಯಿಂದ ಸದ್ದಿಲ್ಲದೆ ಬದಲಿಸಿದ್ದರು, ಅದು ತಮ್ಮದೇ ಯೋಚನೆ ಎಂಬಂತೆ. ತಮ್ಮ ಕೆಲಸಕ್ಕೆ ಗಂಡ ಹೆಸರು ತೆಗೆದುಕೊಂಡರೆಂದು ಒಳಗೊಳಗೇ ಕೊರಗಿದವರು ತಾವು. ರುದ್ರಾಣಿಗೆ ಕೊರಗಲು ಏನೂ ಇರಲಿಲ್ಲವೇ? ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಪ್ರಶ್ನೆ ಅವರಿಗೆ ಬಂದಿರಲಿಲ್ಲ. ಅದು ಬರಲು ಸಮುದ್ರ ದಾಟಬೇಕಾಯಿತು.

ಮರುದಿನ ಬೆಳಿಗ್ಗೆ ಅವರು ಸಂಘದ ಜಾಗಕ್ಕೆ ಹೋದರು. ಕುರ್ಚಿ ಯಾವಾಗಿನಂತೆ ಇಟ್ಟಿತ್ತು. ಅದರ ಪಕ್ಕ ನಿಂತು, ಮನಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದ ಇಂಗ್ಲಿಷನ್ನು ಹೇಳಿದರು. ತಪ್ಪು ನನ್ನದು. ನಂಬೊಜೊ ಹೇಳಿದ್ದು ಸರಿ. ಅವಳು ಹೇಳಿದಳು, ನಾನು ಕೇಳಲಿಲ್ಲ.

ನಂಬೊಜೊ ಅದನ್ನು ತಮ್ಮ ಭಾಷೆಯಲ್ಲಿ ಹೆಂಗಸರಿಗೆ ಹೇಳಿದಳು. ಸಾವಿತ್ರಮ್ಮನವರಿಗೆ ಕುರ್ಚಿಯ ಮೇಲೆ ಕೂರಲು ಆಗಲಿಲ್ಲ. ಚಾಪೆಯ ಅಂಚಿಗೆ ಬಂದು ನೆಲಕ್ಕೆ ಕೂತರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಏನೋ ಗೊಣಗುತ್ತ ಸರಿದು ಜಾಗ ಬಿಟ್ಟು, ಅವರ ಮೊಣಕಾಲ ಮೇಲೆ ಎರಡು ಸಲ ತಟ್ಟಿದಳು.

ಸಭೆ ಮುಗಿದ ಮೇಲೆ ನಂಬೊಜೊ ಅವರ ಕೈ ಹಿಡಿದು ತನ್ನ ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬಾಳೆಯ ಸಂದಿಯಲ್ಲಿ ಉದ್ದಕ್ಕೆ ಒಂದು ಮಡಿ. ಅದರ ತುಂಬ ನೆಟ್ಟಗೆ ನಿಂತ ಸಸಿ, ಎರಡು ಸಾವಿರಕ್ಕೆ ಕಡಿಮೆಯಿಲ್ಲ. ಟೋಪಿ ಕಳಚಿ ಚಿಟ್ಟೆಯ ರೆಕ್ಕೆಯಂತೆ ಎರಡೆಲೆ ಬಿಚ್ಚಿದ್ದವು. ಉಳಿದ ಬೀಜವನ್ನು ಅವಳು ತನಗೆ ತಿಳಿದ ಹಾಗೆ ಹಾಕಿದ್ದಳು.

"ನನಗೆ ಯಾಕೆ ಹೇಳಲಿಲ್ಲ?" ಎಂದರು ಸಾವಿತ್ರಮ್ಮನವರು.

"ಹೇಳಿದೆ" ಎಂದಳು ನಂಬೊಜೊ. "ಮೂರು ಸಲ."

ಸಾವಿತ್ರಮ್ಮನವರಿಗೆ ಮೊದಲು ಅಳು ಬಂತು, ಅದರ ಹಿಂದೆಯೇ ನಗು. ನಂಬೊಜೊ ನಕ್ಕದ್ದನ್ನು ಅವರು ನೋಡಿದ್ದು ಅವತ್ತೇ ಮೊದಲು. ಇಬ್ಬರೂ ಮಡಿಯ ಪಕ್ಕ ಕೂತು, ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿಂದಾಚೆಯ ಮೂರು ತಿಂಗಳು ತಮ್ಮ ಬಾಳಿನಲ್ಲಿ ಬಹಳ ಚೆಂದದ ದಿನಗಳು ಎಂದು ಸಾವಿತ್ರಮ್ಮನವರು ಇಂದಿಗೂ ಹೇಳುತ್ತಾರೆ. ಬಾಳೂರಿನ ಮಳೆಗಾಲ ಮೊದಲ ಸಲ ಅವರಿಗೆ ತಪ್ಪಿತು. ಅದರ ಬದಲು ಇಪ್ಪತ್ತೆರಡು ಹೆಂಗಸರ ನಡುವೆ ಕೂತು ಚೀಲಕ್ಕೆ ಮಣ್ಣು ತುಂಬಿದರು, ಸಸಿ ನೆಟ್ಟರು. ಒಳ್ಳೆಯ ಗಿಡ ನೋಡಿ ಬೀಜಕ್ಕೆ ಹಣ್ಣು ಆರಿಸುವುದು, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸುವುದು ಅವರು ಕಲಿಸಿದರು. ಮೋಡದ ಬಣ್ಣ ನೋಡಿ ಮಂಜು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಹೇಳುವುದನ್ನು ಕಲಿತರು. ಮುಲೆಂಬೆ ಎಂದು ಎದುರಾದವರಿಗೆಲ್ಲ ನಿಂತು ನಮಸ್ಕಾರ ಹೇಳದೆ ಮುಂದೆ ಹೋಗಬಾರದೆಂಬ ಅಲ್ಲಿನ ನಡವಳಿಕೆ ಕಲಿತ ಮೇಲೆ ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಹೊರಡುವ ದಿನ ನಂಬೊಜೊ ಸೂಟ್‌ಕೇಸನ್ನು ತಾನೇ ಹೊತ್ತು ತಂದಳು. ಕಾರಿನ ಕಿಟಕಿಯೊಳಗೆ ಕೈ ತೂರಿಸಿ ಅವರ ಕೆನ್ನೆ ಹಿಡಿದುಕೊಂಡು ನಿಂತಳು. ಡ್ರೈವರ್ ಎರಡು ಸಲ ಹಾರ್ನ್ ಮಾಡಬೇಕಾಯಿತು.

ಬಾಳೂರಿಗೆ ಬಂದ ಮಾರನೆಯ ಬೆಳಿಗ್ಗೆ ಸಾವಿತ್ರಮ್ಮನವರು ನರ್ಸರಿಗೆ ಇಳಿದರು. ಅವರಿಲ್ಲದ ಆರು ತಿಂಗಳಲ್ಲಿ ಹಾಳಾಗಿರುತ್ತದೆ ಎಂದುಕೊಂಡಿದ್ದರು. ಆದರೆ ಸಸಿಗಳು ಯಾವ ವರ್ಷವೂ ಇಲ್ಲದಷ್ಟು ಹುಲುಸಾಗಿದ್ದವು. ಎದೆಯಲ್ಲಿ ಸಣ್ಣಗೆ ಚುಚ್ಚಿತು. ರುದ್ರಾಣಿ ಚೀಲ ಜೋಡಿಸುತ್ತಿದ್ದಳು.

"ರುದ್ರಾಣಿ, ಬರೋ ವರ್ಷ ಮಡಿ ಎಲ್ಲಿ ಹಾಕಣ? ನೀನೇ ಹೇಳು."

ರುದ್ರಾಣಿ ಅವರ ಮುಖವನ್ನು ಅನುಮಾನದಿಂದ ನೋಡಿದಳು. "ಹುಷಾರಿದೀರಾ ಅಮ್ಮಾ? ಅಲ್ಲಿ ನೀರು ಗೀರು ಸರಿ ಹೋಗ್ಲಿಲ್ವಾ?"

"ಹುಷಾರಾಗೇ ಇದೀನಿ ಮಾರಾಯ್ತಿ. ಕೇಳ್ತಾ ಇದೀನಿ, ಹೇಳು."

"ನೀವು ಹೇಳ್ದಲ್ಲಿ ಹಾಕಣ ಬಿಡಿ."

ಮೂರು ನಾಲ್ಕು ತಿಂಗಳು ಹೀಗೇ ಹೋಯಿತು. ಇಪ್ಪತ್ತು ವರ್ಷ ಬಾಯಿ ಮುಚ್ಚಿಸಿದವರು ಒಂದು ದಿನ ಬಂದು ಮಾತಾಡು ಅಂದರೆ ಅವಳಾದರೂ ಹೇಗೆ ನಂಬಿಯಾಳು? ಸಾವಿತ್ರಮ್ಮನವರು ಕೇಳುವುದನ್ನು ಬಿಡಲಿಲ್ಲ. ನಡುನಡುವೆ ಹಳೆಯ ಚಾಳಿಯಂತೆ ಗದರಿಬಿಡುತ್ತಿದ್ದರು, ಆಮೇಲೆ ಹೋಗಿ "ಏನು ಹೇಳಕ್ಕೆ ಬಂದಿದ್ದೆ, ಹೇಳು" ಎನ್ನುತ್ತಿದ್ದರು. ಒಂದು ದಿನ ಮಾಗುಂಡಿ ಕಡೆಯ ಪ್ಲಾಂಟರ್ ಒಬ್ಬರು ಸಸಿ ನೋಡಲು ಬಂದಾಗ, ಗೌಡರು ಎಂದಿನಂತೆ ಮಾತು ಶುರು ಮಾಡುತ್ತಲೂ ಸಾವಿತ್ರಮ್ಮನವರು ಎಲ್ಲರೆದುರು "ಸಸಿ ವಿಷ್ಯ ರುದ್ರಾಣಿ ಹೇಳ್ತಾಳೆ, ನಮಗಿಂತ ಚೆನ್ನಾಗಿ ಗೊತ್ತು ಅವ್ಳಿಗೆ" ಎಂದರು. ರುದ್ರಾಣಿ ಸೆರಗು ಸುತ್ತಿಕೊಂಡು, ನೆಲ ನೋಡುತ್ತ, ಕಾಲು ಗಂಟೆ ಮಾತಾಡಿದಳು. ಪ್ಲಾಂಟರ್ ಕೊನೆಗೆ "ನೀವೇ ಬಂದು ನಮ್ಮ ಜಾಗ ಒಂದ್ಸಲ ನೋಡ್ತೀರಾ?" ಎಂದು ಅವಳನ್ನು ನೀವು ಎಂದರು. ಅವರು ಹೋದ ಮೇಲೆ ಗೌಡರು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದರು. ಆಮೇಲೆ ತಾವೇ ಎದ್ದು ಮೂರು ಲೋಟ ಕಾಫಿ ತಂದರು.

ನಾಲ್ಕು ವರ್ಷದ ಕೆಳಗೆ ರುದ್ರಾಣಿ ಕೆಲಸ ಬಿಟ್ಟು, ಬಾಳೂರು ಹ್ಯಾಂಡ್‌ಪೋಸ್ಟ್ ಹತ್ತಿರದ ತನ್ನ ಜಾಗದಲ್ಲಿ ಸ್ವಂತ ನರ್ಸರಿ ಹಾಕಿದಳು. ಗೌಡರ ಕಡೆಗೆ ಬರುತ್ತಿದ್ದ ಕೆಲವರು ಅವಳ ಕಡೆ ಹೋದರು. ಸಾವಿತ್ರಮ್ಮನವರಿಗೆ ಬೇಜಾರಾಗಲಿಲ್ಲವೆಂದರೆ ಸುಳ್ಳು. ಎರಡು ವಾರ ಆ ರಸ್ತೆಯಲ್ಲೇ ಹೋಗಲಿಲ್ಲ. ಆಮೇಲೆ ಒಂದು ದಿನ ಹೋದರು. ರುದ್ರಾಣಿ ಓಡಿ ಬಂದು ಕುರ್ಚಿ ತಂದಿಟ್ಟಳು. ಇಬ್ಬರೂ ಜಗಲಿಯ ಮೇಲೆ ಕೂತು ಸಂಜೆಯವರೆಗೆ ಮಾತಾಡಿದರು.

ನಂಬೊಜೊ ಮೊದಮೊದಲು ತಿಂಗಳಿಗೊಮ್ಮೆ ಚರ್ಚಿನ ದಿಣ್ಣೆ ಹತ್ತಿ ಫೋನ್ ಮಾಡುತ್ತಿದ್ದಳು. "ಮಾಮಾ ಸಾವಿ, ಗಿಡ ಸೊಂಟದೆತ್ತರ" ಎಂದಿದ್ದಳು ಒಂದು ಸಲ. "ಹೂ ಬಿಟ್ಟಿದೆ" ಎಂದಿದ್ದಳು ಇನ್ನೊಂದು ಸಲ. ಕೊರೋನಾ ಬಂದ ಮೇಲೆ ಫೋನ್ ನಿಂತಿತು. ಆ ನಂಬರು ಈಗ ಇಲ್ಲ. ಧನ್ಯಾ ಸಂಸ್ಥೆಯವರನ್ನು ಕೇಳಿ ನೋಡಿದಳು. ಶಶಿಕಿರಣ್ ಅಲ್ಲಿಂದ ಬಿಟ್ಟು ಹೋಗಿದ್ದ, ಹೊಸಬರಿಗೆ ಗೊತ್ತಿರಲಿಲ್ಲ. "ಇರ್ತಾಳೆ ಬಿಡು, ಗಟ್ಟಿಗಿತ್ತಿ ಅವ್ಳು" ಎನ್ನುತ್ತಾರೆ ಸಾವಿತ್ರಮ್ಮನವರು. ಹಾಗೆ ಹೇಳುವಾಗ ಮುಖ ಆ ಕಡೆಗೆ ತಿರುಗಿಸಿಕೊಳ್ಳುತ್ತಾರೆ.

ಈ ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ಒಂಬತ್ತನೆಯ ದಿನ ಬಾಳೂರಿನ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗಿತ್ತು. ಸಾವಿತ್ರಮ್ಮನವರು ಮಧ್ಯಾಹ್ನ ರುದ್ರಾಣಿಯ ಮನೆಗೆ ಹೋಗಿದ್ದರು. ಗಾಳಿಯಲ್ಲೆಲ್ಲ ಹೂವಿನ ವಾಸನೆ. ಇಬ್ಬರೂ ಜಗಲಿಯ ಮೇಲೆ ಕೂತಿದ್ದರು.

"ಅಮ್ಮಾ" ಎಂದಳು ರುದ್ರಾಣಿ, "ಆ ನಂಬೊಜೊ ಇದ್ರಲ್ಲ, ಅವ್ರು ಮೊದ್ಲನೇ ದಿನ ನಿಮ್ಮನ್ನ ನೋಡಿ ಎಂತ ಅಂದ್ಕಂಡಿದ್ರಂತೆ?"

ಎಂಟು ವರ್ಷ ಈ ಕತೆ ಹೇಳಿದರೂ ಯಾರೂ ಕೇಳಿರದ ಪ್ರಶ್ನೆ ಅದು. ಸಾವಿತ್ರಮ್ಮನವರು ಯೋಚಿಸಿದರು.

"ನಾನು ಕೇಳ್ಲೇ ಇಲ್ಲ ಕಣೇ" ಎಂದರು. "ಕೇಳ್ಬೇಕಿತ್ತು."

ಕೆಳಗೆ ರಸ್ತೆಯಲ್ಲಿ ಕಳಸದ ಬಸ್ಸು ಹಾರ್ನ್ ಮಾಡುತ್ತ ತಿರುವು ಇಳಿಯಿತು. ಸಾವಿತ್ರಮ್ಮನವರು ಅದರತ್ತ ನೋಡಲಿಲ್ಲ. ಕಾಲು ಮಡಿಸಿ ಸರಿಯಾಗಿ ಕೂತು, ಆ ಬೆಟ್ಟದೂರಿಗೆ ಕಾರಿನಲ್ಲಿ ಬಂದಿಳಿದ ಸಂಜೆಯನ್ನು, ಅಂಗಳದ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದ ಎತ್ತರದ ಹೆಂಗಸನ್ನು, ಅವಳ ಮುಖದಲ್ಲಿ ಆಗ ಏನಿತ್ತು ಎಂಬುದನ್ನು ನೆನಪು ಮಾಡಿಕೊಳ್ಳುತ್ತ, ಮೆಲ್ಲಗೆ ಹೇಳತೊಡಗಿದರು.